ಮೀನಿನ ತೊಟ್ಟಿಯ ಭಾರ ಹೊತ್ತ ಸ್ಟ್ಯಾಂಡು

ಅದು 2007ರ ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ವಿಜ್ಞಾನ ಕೊಠಡಿಯ ಬೀಗ ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಒಳಗೆ ನೆಲದ ತುಂಬಾ ನೀರು. ಕೆಳಗಿಟ್ಟಿದ್ದ ಚಾರ್ಟುಗಳೆಲ್ಲ ನೆನೆದು ನೆಲಕ್ಕೆ ಅಂಟಿಕೊಂಡಿದ್ದವು. ಗೋಡೆ ಪಕ್ಕದ ಉದ್ದನೆಯ ಮೇಜಿನ ಮೇಲಿದ್ದ ನಮ್ಮ ದೊಡ್ಡ ಮೀನಿನ ತೊಟ್ಟಿ ಬರಿದಾಗಿತ್ತು. ಅದರ ತಳದ ಗಾಜಿನಲ್ಲಿ, ಸರಿಯಾಗಿ ನಡುಮಧ್ಯದಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಬಿರುಕು. ಹನ್ನೊಂದು ಮೀನುಗಳಲ್ಲಿ ಏಳು ಸತ್ತಿದ್ದವು. ಉಳಿದ ನಾಲ್ಕು ಕಿಟಕಿಯ ಕಡೆಯ ಮೂಲೆಯಲ್ಲಿ ನಿಂತಿದ್ದ ಎರಡು ಬೆರಳು ಆಳದ ನೀರಿನಲ್ಲಿ ಮಗ್ಗುಲಾಗಿ ಮಲಗಿ ಕಿವಿರು ಆಡಿಸುತ್ತಿದ್ದವು.

ಮಕ್ಕಳೇ, ಆ ಮೂಲೆಯ ನೀರನ್ನು ಸ್ವಲ್ಪ ನೆನಪಿನಲ್ಲಿಡಿ. ಆವತ್ತು ನಾನು ಅದನ್ನು ನೋಡಿದೆ, ಆದರೆ ಗಮನಿಸಲಿಲ್ಲ.

ನಮ್ಮದು ಅರೆಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಹಣದಲ್ಲಿ ಆ ವರ್ಷದ ಜೂನ್‌ನಲ್ಲಿ ತೊಟ್ಟಿ ಮಾಡಿಸಿದ್ದೆವು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತಾಲ್ಲೂಕಿನ ಬೇರೆ ಯಾವ ಶಾಲೆಯಲ್ಲೂ ಅಷ್ಟು ದೊಡ್ಡದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ತೊಟ್ಟಿಯ ಬಗ್ಗೆ ಬಹಳ ಯೋಚಿಸಿದ್ದೆ, ಮೀನಿನ ಬಗ್ಗೆ ಯೋಚಿಸಿದ್ದೆ, ಗಾಳಿ ಊದುವ ಪಂಪಿನ ಬಗ್ಗೆಯೂ ಯೋಚಿಸಿದ್ದೆ. ಅದನ್ನು ಯಾವುದರ ಮೇಲೆ ಇಡಬೇಕು ಎಂದು ಮಾತ್ರ ಯೋಚಿಸಲಿಲ್ಲ. ಕೊಠಡಿಯಲ್ಲಿ ಹಳೆಯ ಉದ್ದನೆಯ ಮೇಜಿತ್ತು, ಅದರ ಮೇಲೆ ಇಟ್ಟೆವು.

ನೀರು ತುಂಬಿಸಿದ ವಾರದಲ್ಲೇ ಮೇಜಿನ ಹಲಗೆ ನಡುವೆ ಸ್ವಲ್ಪ ಜಗ್ಗಿದ್ದು ಕಾಣಿಸಿತು. ನನಗೆ ಭಯವಾಯಿತು. ಮಕ್ಕಳಿಂದ ಇಟ್ಟಿಗೆ ತರಿಸಿ, ಹಲಗೆಯ ನಡುಭಾಗಕ್ಕೆ ತಾಗುವಂತೆ ಕೆಳಗಿನಿಂದ ಒತ್ತಾಗಿ ಜೋಡಿಸಿದೆ. ಎರಡು ತುದಿಗೆ ಮೇಜಿನ ಕಾಲುಗಳು, ನಡುವೆ ಇಟ್ಟಿಗೆ. ಇನ್ನು ಆನೆ ಬಂದು ಕೂತರೂ ಆಗುವುದಿಲ್ಲ ಎಂದುಕೊಂಡೆ.

ಭಾನುವಾರ ಮೀನಿಗೆ ಆಹಾರ ಹಾಕುವ ಕೆಲಸ ಏಳನೇ ತರಗತಿಯ ಒಬ್ಬ ಹುಡುಗನದು. ಅವನ ಮನೆ ಶಾಲೆಯ ಹಿಂದೆಯೇ ಇತ್ತು. ಕೀಲಿಕೈ ಅವನ ಬಳಿ ಇರುತ್ತಿತ್ತು. ಹೆಸರು ಇಲ್ಲಿ ಬೇಡ. ಆ ಸೋಮವಾರ ಅವನನ್ನು ಎಲ್ಲರ ಎದುರು ನಿಲ್ಲಿಸಿ ಕೇಳಿದೆ: "ಒಳಗೆ ಚೆಂಡು ಆಡಿದ್ಯಾ?" "ಇಲ್ಲ ಸಾರ್." "ಮತ್ತೆ ಮೇಜಿನ ಮೇಲೆ ಹತ್ತಿದ್ಯಾ?" "ಇಲ್ಲ ಸಾರ್, ಆಹಾರ ಹಾಕಿ ಬೀಗ ಹಾಕಿದೆ. ಆಗ ಚೆನ್ನಾಗೇ ಇತ್ತು." ನಾನು ನಂಬಲಿಲ್ಲ. ಕೀಲಿಕೈ ಕಿತ್ತುಕೊಂಡು ಇನ್ನೊಬ್ಬನಿಗೆ ಕೊಟ್ಟೆ. ಅವನು ಏನೂ ಮಾತನಾಡಲಿಲ್ಲ. ಮರುದಿನದಿಂದ ಕೊನೆಯ ಸಾಲಿನಲ್ಲಿ ಕೂರತೊಡಗಿದ. ಉಳಿದ ನಾಲ್ಕು ಮೀನುಗಳು ಪ್ಲಾಸ್ಟಿಕ್ ಟಬ್ಬಿನಲ್ಲಿದ್ದವು. ಅವನ್ನು ನೋಡಲಿಕ್ಕೂ ಅವನು ಬರಲಿಲ್ಲ.

ಮೂರು ದಿನಗಳ ನಂತರ ಶಾಲೆಯ ಕಿಟಕಿ ಬಾಗಿಲು ಸರಿಮಾಡಲು ನಮ್ಮೂರ ಆಚಾರರು ಬಂದರು. ಅರವತ್ತು ದಾಟಿದವರು. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲು. ಕೊಠಡಿಯೊಳಗೆ ಬಂದವರು ಒಡೆದ ತೊಟ್ಟಿಯನ್ನು ನೋಡಿ, "ನೀರು ಯಾವ ಮೂಲೇಲಿ ಉಳಿದಿತ್ತು ಮೇಷ್ಟ್ರೇ?" ಎಂದು ಕೇಳಿದರು. ಕಿಟಕಿ ಕಡೆ ಎಂದೆ. ಅವರು ನೇರವಾಗಿ ಹೋಗಿ ಆ ಮೂಲೆಯ ಮೇಜಿನ ಕಾಲಿನ ಬುಡಕ್ಕೆ ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಡಬಡಬ ಎಂದು ಪೊಳ್ಳು ಸದ್ದು ಬಂತು. ಇನ್ನೊಮ್ಮೆ ತಟ್ಟಿದಾಗ ಬಣ್ಣದ ಸಿಪ್ಪೆ ಒಡೆದು ಒಳಗಿನಿಂದ ಮಣ್ಣು ಉದುರಿತು. ಗೆದ್ದಲು! ಹೊರಗಿನ ಬಣ್ಣ ಹಾಗೇ ಇತ್ತು, ಒಳಗೆ ಮರವೇ ಇರಲಿಲ್ಲ. ಕಾಲು ತನ್ನ ಮೇಲೆಯೇ ಒಂದೂವರೆ ಅಂಗುಲದಷ್ಟು ಕುಸಿದಿತ್ತು.

"ಈ ತುದಿ ಕೆಳಗೆ ಹೋಯ್ತು. ನಿಮ್ಮ ಇಟ್ಟಿಗೆ ಹೋಗಲಿಲ್ಲ. ತೊಟ್ಟಿ ಇಟ್ಟಿಗೆ ಮೇಲೆ ನಿಂತು ಅರ್ಧ ಗಾಳೀಲಿ ತೂಗ್ತು. ಗಾಜು ಎಲ್ಲಿ ತಡೆಯುತ್ತೆ? ಇಟ್ಟಿಗೆ ಮೇಲೇ ಸೀಳ್ತು," ಎಂದರು ಆಚಾರರು. ಆಮೇಲೆ ತಣ್ಣಗೆ, "ಹುಡುಗನ್ನ ಬೈದ್ರಂತೆ?" ಎಂದರು.

ಊರಿನಲ್ಲಿ ಸುದ್ದಿ ನಿಲ್ಲುತ್ತದೆಯೇ?

ಮೂಲೆಯಲ್ಲಿ ನೀರು ಉಳಿಯಬೇಕಾದರೆ ಆ ಮೂಲೆ ತಗ್ಗಾಗಿರಬೇಕು. ಇದು ನಾಲ್ಕನೇ ತರಗತಿಯ ಮಗುವಿಗೂ ಗೊತ್ತಾಗುವ ಮಾತು. ವಿಜ್ಞಾನದ ಮೇಷ್ಟ್ರು ನಾನು. ಸಾಕ್ಷ್ಯ ಕಣ್ಣೆದುರೇ ಇದ್ದರೂ ಅದನ್ನು ಬಿಟ್ಟು ಹುಡುಗನನ್ನು ಹಿಡಿದಿದ್ದೆ. ಮರುದಿನ ತರಗತಿಯಲ್ಲಿ ಎಲ್ಲರ ಎದುರೇ, "ತಪ್ಪು ನನ್ನದು, ನಿನ್ನದಲ್ಲ" ಎಂದು ಅವನಿಗೆ ಹೇಳಿದೆ. ಅವನು ತಲೆ ತಗ್ಗಿಸಿ "ಇರಲಿ ಬಿಡಿ ಸಾರ್" ಎಂದ. ಆದರೆ ಕೊನೆಯ ಸಾಲು ಬಿಟ್ಟು ಬರಲಿಲ್ಲ. ಬರಿಯ ಮಾತಿನಿಂದ ಎಲ್ಲವೂ ಒಂದೇ ದಿನಕ್ಕೆ ಸರಿಹೋಗುವುದಿಲ್ಲವಷ್ಟೆ.

ಆ ದಸರಾ ರಜೆಯಲ್ಲಿ ಗೆಲಿಲಿಯೊ ಬಗ್ಗೆ ಓದುತ್ತಿದ್ದಾಗ ಬೆಚ್ಚಿಬಿದ್ದೆ. 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾದ ಅವನ ಕೊನೆಯ ದೊಡ್ಡ ಪುಸ್ತಕದಲ್ಲಿ ಒಂದು ಅಮೃತಶಿಲೆಯ ಕಂಬದ ಕಥೆ ಬರುತ್ತದೆ. ಆ ಕಂಬವನ್ನು ಮಲಗಿಸಿ, ಎರಡು ತುದಿಗೂ ಒಂದೊಂದು ಮರದ ದಿಮ್ಮಿ ಕೊಟ್ಟು ಇಟ್ಟಿದ್ದರಂತೆ. ಒಬ್ಬ ಕುಶಲಕರ್ಮಿ, ನಡುವೆ ಮುರಿದೀತು ಎಂದು ಹೆದರಿ, ಇನ್ನೂ ಭದ್ರವಾಗಲಿ ಎಂದು ಮಧ್ಯಕ್ಕೆ ಮೂರನೆಯ ಆಸರೆ ಕೊಡಿಸಿದ. ಎಲ್ಲರೂ ಒಳ್ಳೆಯ ಉಪಾಯ ಎಂದರು. ಕೆಲವು ತಿಂಗಳಲ್ಲಿ ಕಂಬ ಸೀಳಿತು, ಸರಿಯಾಗಿ ಆ ಹೊಸ ಆಸರೆಯ ಮೇಲೆ! ತುದಿಯ ದಿಮ್ಮಿ ಕೊಳೆತು ಕುಗ್ಗಿತ್ತು. ನಡುವಿನದು ಗಟ್ಟಿಯಾಗಿಯೇ ಇತ್ತು. ಅರ್ಧ ಕಂಬ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿತ್ತು. ನನ್ನ ಇಟ್ಟಿಗೆಯ ಕಥೆಯನ್ನು ಯಾರೋ ಮುನ್ನೂರ ಅರವತ್ತೊಂಬತ್ತು ವರ್ಷಗಳ ಹಿಂದೆಯೇ ಬರೆದಿಟ್ಟಂತಿತ್ತು.

ರಜೆ ಮುಗಿದ ಮೇಲೆ ಗಾಜಿನಂಗಡಿಯವರು ತೊಟ್ಟಿಯ ತಳ ಬದಲಿಸಿಕೊಟ್ಟರು. ಈ ಸಲ ಮೊದಲು ಸ್ಟ್ಯಾಂಡು, ಆಮೇಲೆ ತೊಟ್ಟಿ ಎಂದು ತೀರ್ಮಾನಿಸಿದೆವು. ಆಚಾರರು ಕೇಳಿದ ಮೊದಲ ಪ್ರಶ್ನೆ, "ತೂಕ ಎಷ್ಟು ಬರುತ್ತೆ?"

ಅಷ್ಟು ದಿನ ನಾನು ಅದನ್ನು ಲೆಕ್ಕ ಹಾಕಿಯೇ ಇರಲಿಲ್ಲ. ತರಗತಿಯಲ್ಲಿ ಎಲ್ಲರೂ ಸೇರಿ ಹಾಕಿದೆವು. ನೀವೂ ಹಾಕಿ ನೋಡಿ. ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ನೀರನ್ನು 40 ಸೆಂ.ಮೀ. ಎತ್ತರದವರೆಗೆ ತುಂಬಿಸುತ್ತೇವೆ. ಗಾಜಿನ ದಪ್ಪವನ್ನು ಸದ್ಯಕ್ಕೆ ಮರೆಯೋಣ. ಗುಣಿಸಿದರೆ 2,16,000 ಘನ ಸೆಂ.ಮೀ., ಅಂದರೆ 216 ಲೀಟರ್. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ಆದ್ದರಿಂದ ನೀರೇ 216 ಕೆ.ಜಿ.

ಇನ್ನು ಗಾಜು. ತಳ ಒಂದು, ಉದ್ದದ ಗೋಡೆ ಎರಡು, ಅಗಲದ ಗೋಡೆ ಎರಡು. ಐದೂ ಸೇರಿ 20,250 ಚದರ ಸೆಂ.ಮೀ. ದಪ್ಪ 8 ಮಿ.ಮೀ. ಗಾಜು ನೀರಿಗಿಂತ ಎರಡೂವರೆ ಪಟ್ಟು ಸಾಂದ್ರವಾದದ್ದು. ಲೆಕ್ಕ ಹಾಕಿದರೆ ಸುಮಾರು 40 ಕೆ.ಜಿ. ತಳಕ್ಕೆ ಹಾಕುವ ಹೊಳೆಯ ಗುಂಡುಕಲ್ಲು ಇನ್ನೊಂದು 40 ಕೆ.ಜಿ. ಎಲ್ಲ ಕೂಡಿಸಿ 296 ಎಂದು ಮಕ್ಕಳು ಕೂಗಿದರು. ಆಗ ಕೊನೆಯ ಸಾಲಿನಿಂದ ಒಂದು ದನಿ ಬಂತು: "ಕಲ್ಲು ಹಾಕಿದ ಜಾಗದಲ್ಲಿ ನೀರು ಇರಲ್ಲ ಅಲ್ವಾ ಸಾರ್?" ಅವನೇ. ನಿಜ, ಕಲ್ಲು ತನ್ನ ಗಾತ್ರದಷ್ಟು ನೀರನ್ನು ಆಚೆ ತಳ್ಳುತ್ತದೆ. 40 ಕೆ.ಜಿ. ಕಲ್ಲಿಗೆ ಸುಮಾರು 15 ಲೀಟರ್. ಅದನ್ನು ಕಳೆದರೆ ಒಟ್ಟು 280 ಕೆ.ಜಿ.ಯ ಆಸುಪಾಸು.

280 ಎಂದರೆ ಎಷ್ಟು? ಅಕ್ಷರ ದಾಸೋಹದ ಅಕ್ಕಿ ಮೂಟೆ ಒಂದೊಂದೂ 50 ಕೆ.ಜಿ. ಐದು ಮೂಟೆ ಒಟ್ಟಿ, ಮೇಲೆ ಅರ್ಧ ಮೂಟೆಗಿಂತ ಸ್ವಲ್ಪ ಹೆಚ್ಚು. ಅಷ್ಟು ಭಾರವನ್ನು ಹಗಲೂ ರಾತ್ರಿಯೂ ಒಂದು ಕ್ಷಣ ಬಿಡುವಿಲ್ಲದೆ ಆ ಹಳೆಯ ಮೇಜು ಹೊತ್ತಿತ್ತು. ನೀರು ಪಾರದರ್ಶಕ ನೋಡಿ, ಅದರ ಭಾರ ಕಣ್ಣಿಗೆ ಕಾಣಿಸುವುದಿಲ್ಲ. ಮೇಜಿನ ಮೇಲೆ ಐದು ಮೂಟೆ ಅಕ್ಕಿ ಇಡು ಎಂದಿದ್ದರೆ ನಾನು ಖಂಡಿತ ಇಡುತ್ತಿರಲಿಲ್ಲ.

ಮರ ನಮ್ಮಲ್ಲೇ ಇತ್ತು. ಹೆಂಚಿನ ಹಳೆ ಕೊಠಡಿಯನ್ನು ಬಿಚ್ಚಿದಾಗ ಉಳಿದ ಮತ್ತಿ ಮರದ ತೊಲೆಗಳು ಹಿತ್ತಲಿನ ಮಾಡಿನಡಿ ಬಿದ್ದಿದ್ದವು. ಅದು ಸರ್ಕಾರದ ಆಸ್ತಿ, ಸುಮ್ಮನೆ ಕೊಯ್ಯುವಂತಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆಸಿಯೇ ಗರಗಸ ಇಟ್ಟೆವು. ಹಳೆ ಮರವೇ ಒಳ್ಳೆಯದು ಎಂದರು ಆಚಾರರು. ಹಸಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ತಿರುಚುತ್ತದೆ. ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ. ಎಷ್ಟೋ ದಶಕ ಸೂರಿನಡಿ ಒಣಗಿದ ತೊಲೆಗೆ ಇನ್ನು ಆಗಬೇಕಾದದ್ದು ಏನೂ ಇಲ್ಲ. ಒಂದೇ ತೊಂದರೆ, ಒಳಗೆ ಅವಿತಿದ್ದ ಹಳೆಯ ಮೊಳೆಗಳು. ಗರಗಸದ ಹಲ್ಲು ಎರಡು ಸಲ ಹೋಯಿತು. ಆಗ ಆಚಾರರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾಲ್ಕು ಕಾಲು, ಮೂರು ಅಂಗುಲ ಚೌಕ. ಕಾಲುಗಳ ಮೇಲೆ ಉದ್ದಕ್ಕೆ ಎರಡು ತೊಲೆ, ಒಂದೊಂದೂ ನಾಲ್ಕು ಅಂಗುಲ ಬೈ ಎರಡು ಅಂಗುಲ. ಈ ತೊಲೆಯನ್ನು ಹೇಗೆ ಇಡಬೇಕು? ಮಲಗಿಸಿಯೋ, ನಿಲ್ಲಿಸಿಯೋ? ನಿಮ್ಮ ಸ್ಕೇಲನ್ನೇ ತೆಗೆದುಕೊಳ್ಳಿ. ಎರಡು ಪುಸ್ತಕದ ನಡುವೆ ಸೇತುವೆಯಂತೆ ಅಡ್ಡ ಇಟ್ಟು ಬೆರಳಿನಿಂದ ಒತ್ತಿ, ಬಾಗುತ್ತದೆ. ಈಗ ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗಿಸಲು ಆಗುತ್ತದೆಯೇ? ಮರ ಅದೇ, ಉದ್ದವೂ ಅದೇ. ತೊಲೆಯ ಅಗಲ ಇಮ್ಮಡಿಯಾದರೆ ಅದೇ ಭಾರಕ್ಕೆ ಬಾಗುವುದು ಅರ್ಧಕ್ಕೆ ಇಳಿಯುತ್ತದೆ. ಎತ್ತರ ಇಮ್ಮಡಿಯಾದರೆ ಎಂಟನೇ ಒಂದು ಭಾಗಕ್ಕೆ! ಅದಕ್ಕೇ ಮನೆಯ ಸೂರಿನ ತೊಲೆಗಳನ್ನು ಸಾಮಾನ್ಯವಾಗಿ ನಿಲ್ಲಿಸಿ ಇಟ್ಟಿರುತ್ತಾರೆ. ತಲೆಯೆತ್ತಿ ನೋಡಿ.

ತೊಲೆಯನ್ನು ಕಾಲಿನ ಪಕ್ಕಕ್ಕೆ ಇಟ್ಟು ಮೊಳೆ ಹೊಡೆದರೆ ಕೆಲಸ ಬೇಗ ಮುಗಿಯುತ್ತದಲ್ಲ ಎಂದೆ. ಆಚಾರರು ನಕ್ಕರು. "ಮೊಳೆ ಇರೋದು ಹಿಡ್ಕೊಳ್ಳೋಕೆ ಮೇಷ್ಟ್ರೇ, ಹೊರೋಕಲ್ಲ. ಮರ ಮರದ ಮೇಲೆ ಕೂರ್ಬೇಕು." ಕಾಲಿನ ತಲೆಯಲ್ಲಿ ಕಚ್ಚು ಕೊಯ್ದು ತೊಲೆಯನ್ನು ಅದರೊಳಗೆ ಕೂರಿಸಿದರು. ಆಗ ಭಾರ ತೊಟ್ಟಿಯಿಂದ ತೊಲೆಗೆ, ತೊಲೆಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ದಾರಿಯಲ್ಲಿ ಯಾವ ಮೊಳೆಯ ಮೇಲೂ ನೇತಾಡುವುದಿಲ್ಲ. ಕಚ್ಚು ಅಲುಗದಂತೆ ಮರದ ಗೂಟ ಜಡಿದರು.

ಐದನೇ ತರಗತಿಯ ಒಬ್ಬ ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ನಡುವೆ ಇನ್ನೆರಡು ಕಾಲು ಕೊಟ್ಟರೆ ಇನ್ನೂ ಗಟ್ಟಿ ಅಲ್ವಾ ಅಜ್ಜ?" ನಾನು ಬಾಯಿ ಬಿಡಲಿಲ್ಲ, ನನ್ನ ಇಟ್ಟಿಗೆ ನೆನಪಾಗಿತ್ತು. ಆಚಾರರು ತಮ್ಮ ಮೂರು ಕಾಲಿನ ಮಣೆಯನ್ನು ಅಂಗಳದ ಏರುತಗ್ಗಿನಲ್ಲಿಟ್ಟು ತೋರಿಸಿದರು. ಎಲ್ಲಿ ಇಟ್ಟರೂ ಕುಂಟಲಿಲ್ಲ. ಮೂರು ಬಿಂದುಗಳು ಎಲ್ಲೇ ಇದ್ದರೂ (ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಸರಿ) ಅವನ್ನು ತಾಗುವ ಒಂದು ಸಮತಲ ಇದ್ದೇ ಇರುತ್ತದೆ. ನಾಲ್ಕನೆಯದು ಬಂದ ಕೂಡಲೇ ಅದು ತಾಗೀತು, ತಾಗದಿದ್ದೀತು. ಆರು ಕಾಲಾದರೆ ಯಾವುದು ಭಾರ ಹೊರುತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಹೇಳುವುದೇ ಕಷ್ಟ. ನಾಲ್ಕಡಿ ಉದ್ದಕ್ಕೆ ನಾಲ್ಕು ಒಳ್ಳೆಯ ಕಾಲು, ಎರಡು ಒಳ್ಳೆಯ ತೊಲೆ ಸಾಕು ಎಂದರು.

ಅಷ್ಟಕ್ಕೂ ಒಂದು ಕಾಲಿನ ಮೇಲೆ ಬರುವುದು 70 ಕೆ.ಜಿ. ಮಾತ್ರ. ಮೂರಂಗುಲ ಚೌಕದ ಮತ್ತಿಯ ಕಾಲಿಗೆ ಅದು ಲೆಕ್ಕಕ್ಕೇ ಇಲ್ಲ. ನೇರ ಭಾರಕ್ಕೆ ಅದು ಜಜ್ಜಿಹೋಗುವುದಿಲ್ಲ. ಅಪಾಯ ಬೇರೆ ಕಡೆಯಿಂದ ಬರುತ್ತದೆ. ಸ್ಟ್ಯಾಂಡು ಪಕ್ಕಕ್ಕೆ ವಾಲಬಹುದು.

ಇದನ್ನು ನೋಡಲು ನಾವು ಒಂದು ಆಟ ಆಡಿದೆವು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಬೆಂಕಿಕಡ್ಡಿಗಳನ್ನು ಅದಕ್ಕೆ ಸಿಕ್ಕಿಸಿ ಆಕೃತಿ ಮಾಡುವುದು. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರಿಂದ ದೇಶದ ಶಾಲೆಗಳಿಗೆ ಪರಿಚಯವಾದ ಆಟವಿದು. ನಾಲ್ಕು ಕಡ್ಡಿಯ ಚೌಕ ಮಾಡಿ ಒಂದು ಮೂಲೆಯನ್ನು ತಳ್ಳಿ. ಚೌಕ ವಾಲಿ ವಜ್ರಾಕೃತಿ ಆಗುತ್ತದೆ. ಕಡ್ಡಿ ಮುರಿಯಲಿಲ್ಲ, ಕೀಲು ಬಿಚ್ಚಲಿಲ್ಲ, ಆದರೂ ಆಕಾರ ಹೋಯಿತು! ಮೂರು ಕಡ್ಡಿಯ ತ್ರಿಕೋನ ಮಾಡಿ ತಳ್ಳಿ. ಎಷ್ಟು ತಳ್ಳಿದರೂ ಅದು ತ್ರಿಕೋನವೇ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಕೋನ ಬದಲಾಗಲು ಸಾಧ್ಯವಿಲ್ಲ.

ನಮ್ಮ ಸ್ಟ್ಯಾಂಡೂ ನಾಲ್ಕು ಮೂಲೆಯದೇ. ಯಾರೋ ಓಡಿಬಂದು ಡಿಕ್ಕಿ ಹೊಡೆದರೆ 280 ಕೆ.ಜಿ. ಹೊತ್ತ ಚೌಕ ಬೆಂಕಿಕಡ್ಡಿಯ ಚೌಕದಂತೆ ಮಲಗಬಾರದು. ಆದ್ದರಿಂದ ಹಿಂಬದಿಗೂ ಎರಡು ಪಕ್ಕಕ್ಕೂ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹೊಡೆದೆವು. ಮುಂದಿನ ಬದಿಯನ್ನು ಪಂಪು, ಬಲೆ ಇಡಲಿಕ್ಕೆ ತೆರೆದು ಬಿಟ್ಟೆವು. ಓರೆಪಟ್ಟಿ ಹೊಡೆಯುವ ಮುಂಚೆ ಸ್ಟ್ಯಾಂಡನ್ನು ಹಿಡಿದು ಅಲುಗಿಸಿದಾಗ ಕಿರ್ ಎಂದಿತ್ತು. ಹೊಡೆದ ಮೇಲೆ ಮಕ್ಕಳು ಎಷ್ಟು ತಳ್ಳಿದರೂ ಇಡೀ ಸ್ಟ್ಯಾಂಡು ಜರುಗಿತೇ ಹೊರತು ವಾಲಲಿಲ್ಲ. ಬೇರೆಲ್ಲಕ್ಕಿಂತ ನನಗೆ ಹೆಚ್ಚು ಆಶ್ಚರ್ಯ ಕೊಟ್ಟದ್ದು ಇದೇ. ಮೂರು ತೆಳು ಪಟ್ಟಿಗಳು!

ಎತ್ತರದ ವಿಷಯದಲ್ಲಿ ಮಾತ್ರ ಜಗಳವಾಯಿತು. ನಿಂತು ನೋಡುವಂತೆ ಮೂರಡಿ ಬೇಕು ಎಂದೆ ನಾನು. ಆಚಾರರು ಎರಡಡಿಗಿಂತ ಒಂದಂಗುಲ ಹೆಚ್ಚು ಮಾಡುವುದಿಲ್ಲ ಎಂದರು. ಅಗಲ ಒಂದೂವರೆ ಅಡಿ ಮಾತ್ರ. ಎತ್ತರ ಹೆಚ್ಚಾದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ, ಮಗುಚುವುದು ಸುಲಭವಾಗುತ್ತದೆ. ಕೊನೆಗೆ ಅವರೇ ಗೆದ್ದರು. ನೆಲದ ಮೇಲೆ ಚಾಪೆ ಹಾಸಿ ಕೂತು ನೋಡಿದರಾಯಿತು. ನಲಿಕಲಿಯ ಪುಟ್ಟ ಮಕ್ಕಳಿಗೆ ಅದರಿಂದ ಅನುಕೂಲವೇ ಆಯಿತು.

ಕಾಲಿನ ಬುಡವನ್ನು ಆಚಾರರು ಬಹಳ ಹೊತ್ತು ನೋಡಿಕೊಂಡರು. ಮರದ ಕೊಯ್ದ ತುದಿಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ರಂಧ್ರಗಳು ಕಾಣಿಸುತ್ತವೆ. ಮರ ಜೀವಂತವಾಗಿದ್ದಾಗ ಬೇರಿನಿಂದ ನೀರು ಏರಿದ ಕೊಳವೆಗಳು ಅವು. ಸೀಮೆಸುಣ್ಣವನ್ನು ಶಾಯಿಯಲ್ಲಿ ನಿಲ್ಲಿಸಿದರೆ ಶಾಯಿ ಮೇಲೇರುತ್ತದಲ್ಲ, ಹಾಗೆಯೇ ಒದ್ದೆ ನೆಲದ ನೀರು ಲೋಮನಾಳ ಕ್ರಿಯೆಯಿಂದ ಕಾಲಿನೊಳಗೆ ಏರುತ್ತದೆ. ತೇವವಾದ ಮರ ಗೆದ್ದಲಿಗೆ, ಶಿಲೀಂಧ್ರಕ್ಕೆ ಹಬ್ಬ. ನೀರು ಬದಲಿಸುವಾಗ ನಾವು ಚೆಲ್ಲಿದ ನೀರೆಲ್ಲ ಹಳೆಯ ಮೇಜಿನ ಬುಡಕ್ಕೇ ಹೋಗುತ್ತಿತ್ತು. ಹೊಸ ಕಾಲುಗಳ ತುದಿಗೆ ಆಚಾರರು ಗೇರೆಣ್ಣೆ ಕುಡಿಸಿದರು. (ಇದನ್ನು ನೀವು ಮುಟ್ಟಬೇಡಿ, ಚರ್ಮ ಸುಡುತ್ತದೆ.) ಪ್ರತಿ ಕಾಲಿನ ಅಡಿಗೂ ಅಂಗೈಯಗಲದ ಕಡಪ ಕಲ್ಲಿನ ತುಂಡು ಇಟ್ಟರು.

ಮೇಲಿನ ಹಲಗೆ ಹೊಡೆಯುವ ಮೊದಲು ಎರಡು ನೇರವಾದ ರೀಪಿನ ತುಂಡುಗಳನ್ನು ತೊಲೆಗಳ ಮೇಲೆ ಎರಡು ತುದಿಗೆ ಅಡ್ಡಲಾಗಿ ಇಟ್ಟು, ಒಂದು ಕಣ್ಣು ಮುಚ್ಚಿ, ಇದರ ಮೇಲಿಂದ ಅದನ್ನು ನೋಡಿದರು. ಎರಡೂ ಅಂಚು ಒಂದೇ ಗೆರೆಯಾಗಿ ಕಂಡರೆ ಸರಿ. ಒಂದು ಕಡೆ ಎದ್ದು ಕಂಡರೆ ಚೌಕಟ್ಟು ತಿರುಚಿದೆ ಎಂದರ್ಥ. ಗಾಜು ಭಾರವನ್ನು ತಡೆದೀತು, ತಿರುಚನ್ನು ತಡೆಯದು. ಕೊಠಡಿಯ ನೆಲವೂ ಸಮ ಇರಲಿಲ್ಲ. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ನಾಲ್ಕು ಮೂಲೆಯ ಮಟ್ಟ ನೋಡಿದೆವು. ಒಂದು ಮೂಲೆ ಅರ್ಧ ಅಂಗುಲ ತಗ್ಗು. ಆ ಕಾಲಿನಡಿ ಮಾತ್ರ ಇನ್ನೊಂದು ತೆಳು ಕಲ್ಲು ಸೇರಿತು.

ಸ್ಟ್ಯಾಂಡು ಸಿದ್ಧವಾಯಿತು. ತೊಟ್ಟಿ ಇಡೋಣ ಎಂದು ಎಲ್ಲರೂ ಕುಣಿಯುತ್ತಿದ್ದಾಗ, "ಮೊದಲು ಅಕ್ಕಿ ಮೂಟೆ ಇಟ್ಟು ನೋಡಿದ್ರೆ ಸಾರ್?" ಎಂದ ನಮ್ಮ ಹುಡುಗ. ಈ ಸಲ ಅವನು ಎದುರಿಗೇ ನಿಂತಿದ್ದ. ಹತ್ತು ಜನ ನಾವೇ ಹತ್ತಿ ನಿಲ್ಲುತ್ತೇವೆ ಎಂದು ಕೆಲವರು ಮುಂದೆ ಬಂದರು. ಅದಕ್ಕೆ ನಾನು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಅಕ್ಕಿಗೆ ಏನಾದರೂ ಆದರೆ ಯಾರು ಹೊಣೆ ಎಂದರು. ಅಡುಗೆಯ ಅಕ್ಕ ಮಾತ್ರ, "ಉಗ್ರಾಣದಲ್ಲಿ ಇಲಿ ಕಾಟ, ಒಂದು ರಾತ್ರಿ ಅಲ್ಲೇ ಇರಲಿ" ಎಂದು ನಮ್ಮ ಪರ ನಿಂತರು.

ಬಾಗುವುದನ್ನು ಅಳೆಯಬೇಕಲ್ಲ! ಒಂದು ತೊಲೆಯ ಅಡಿಯಲ್ಲಿ, ಕಾಲಿನಿಂದ ಕಾಲಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದೆವು. ನಡುಮಧ್ಯದಲ್ಲಿ ದಾರಕ್ಕೂ ತೊಲೆಗೂ ನಡುವೆ ಐದು ಪೋಸ್ಟ್ ಕಾರ್ಡುಗಳು ಸರಿಯಾಗಿ ಹಿಡಿದವು. ಆಮೇಲೆ ಆರು ಮೂಟೆ, 300 ಕೆ.ಜಿ. ರಾತ್ರಿಯಿಡೀ ಅವು ಅಲ್ಲೇ ಇದ್ದವು. ನನಗೆ ನಿದ್ದೆ ಬರಲಿಲ್ಲ ಎಂದರೆ ನಗಬೇಡಿ.

ಬೆಳಿಗ್ಗೆ ಕೀಲಿಕೈಯನ್ನು ಆ ಹುಡುಗನ ಕೈಗೇ ಕೊಟ್ಟೆ. ಅವನೇ ಬೀಗ ತೆಗೆದ. ಮೂಟೆಗಳು ಇಟ್ಟ ಹಾಗೇ ಇದ್ದವು. ದಾರದ ಮೇಲೆ ಕಾರ್ಡು ತೂರಿಸಿ ನೋಡಿದ. ಈಗ ಮೂರೇ ಹಿಡಿದವು. ಅಂದರೆ ಎರಡು ಕಾರ್ಡಿನ ದಪ್ಪದಷ್ಟು ತೊಲೆ ಬಾಗಿದೆ. ಒಂದು ಕಾರ್ಡಿನ ದಪ್ಪವನ್ನು ಸ್ಕೇಲಿನಲ್ಲಿ ಅಳೆಯಲಾಗದು. ಇಪ್ಪತ್ತು ಕಾರ್ಡು ಒತ್ತಿ ಜೋಡಿಸಿ ಅಳೆದೆವು, 5 ಮಿ.ಮೀ. ಹಾಗಾದರೆ ಒಂದಕ್ಕೆ ಕಾಲು ಮಿ.ಮೀ., ಎರಡಕ್ಕೆ ಅರ್ಧ ಮಿ.ಮೀ. ಮೂಟೆ ಇಳಿಸಿದ ಮೇಲೆ ಮತ್ತೆ ಐದೂ ಹಿಡಿದವು. ಆಚಾರರಿಗೆ ಹೇಳಿದಾಗ, "ಅಷ್ಟು ಬಾಗ್ಲೇಬೇಕು, ಅದು ಕಬ್ಬಿಣ ಅಲ್ಲ," ಎಂದರು. ಕಬ್ಬಿಣವೂ ಬಾಗುತ್ತದೆ, ಕಡಿಮೆ ಅಷ್ಟೇ. ಆದರೆ ನಾನು ಎದುರು ಮಾತನಾಡಲಿಲ್ಲ.

ತೊಟ್ಟಿ ಇಡುವ ಮುಂಚೆ ಹಲಗೆಯ ಮೇಲೆ ಥರ್ಮಾಕೋಲ್ ಹಾಳೆ ಹಾಸಿದೆವು. ಹಲಗೆ ಎಷ್ಟೇ ನುಣುಪಾದರೂ ಎಲ್ಲೋ ಒಂದು ಮರಳಿನ ಕಣ, ಒಂದು ಉಬ್ಬು ಇದ್ದೇ ಇರುತ್ತದೆ. ಅಂಥ ಒಂದು ಬಿಂದುವಿನ ಮೇಲೆ ಭಾರ ಬಿದ್ದರೆ ಗಾಜು ಸೀಳುತ್ತದೆ. ನೀರಿನ ಬಿಂದಿಗೆ ಹೊರುವಾಗ ನಿಮ್ಮ ಅಮ್ಮ, ಅಜ್ಜಿ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಇದು ತೊಟ್ಟಿಗೆ ಸಿಂಬಿ.

ನೀರನ್ನು ಒಂದೇ ದಿನ ತುಂಬಿಸಲಿಲ್ಲ. ಕಾಲು ಭಾಗ ತುಂಬಿಸಿ ಒಂದು ದಿನ ಬಿಟ್ಟೆವು, ಅರ್ಧ ತುಂಬಿಸಿ ಇನ್ನೊಂದು ದಿನ. ಬಾವಿಯಿಂದ 12 ಲೀಟರಿನ ಬಿಂದಿಗೆಯಲ್ಲಿ ಸೇದಿ ತಂದು ಒಟ್ಟು ಹದಿನೇಳು ಬಿಂದಿಗೆ ಹಾಕಿದೆವು. ಲೆಕ್ಕ ಸರಿಹೋಯಿತು. ಐದನೆಯ ದಿನ ಟಬ್ಬಿನಲ್ಲಿದ್ದ ನಾಲ್ಕು ಮೀನುಗಳನ್ನು ಬಿಟ್ಟೆವು. ಮೊದಲಿಗೆ ಒಂದು ಮೂಲೆಯಲ್ಲಿ ಗುಂಪಾಗಿ ನಿಂತವು. ಅದು ಕಿಟಕಿಯ ಕಡೆಯ ಮೂಲೆಯೇ. ಸಂಜೆಯ ಹೊತ್ತಿಗೆ ತೊಟ್ಟಿಯ ತುಂಬಾ ಓಡಾಡಿದವು.

ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಬಹಳ ವರ್ಷಗಳ ಮೇಲೆ ಒಮ್ಮೆ ಆ ಶಾಲೆಗೆ ಹೋಗಿದ್ದೆ. ತೊಟ್ಟಿಯ ಅಂಟು ಹಳೆಯದಾಗಿ ಸೋರತೊಡಗಿದ್ದರಿಂದ ಅದನ್ನು ತೆಗೆದಿದ್ದರು. ಸ್ಟ್ಯಾಂಡಿನ ಮೇಲೆ ಕುಡಿಯುವ ನೀರಿನ ದೊಡ್ಡ ಡ್ರಮ್ಮು ಇತ್ತು. ಮೊದಲು ಕಾಲುಗಳ ಬುಡವನ್ನು ತಟ್ಟಿ ನೋಡಿದೆ, ಗಟ್ಟಿ ಸದ್ದು. ಆಮೇಲೆ ಬಗ್ಗಿ ಮುಂದಿನ ತೊಲೆಯ ಅಡಿಯನ್ನು ನೋಡಿದೆ. ಆಚಾರರ ಕೆಂಪು ಪೆನ್ಸಿಲು ಇಸಿದುಕೊಂಡು ಆ ಹುಡುಗ ಬರೆದಿದ್ದ ಸಾಲು ಮಸುಕಾಗಿದ್ದರೂ ಓದಲು ಬರುತ್ತಿತ್ತು: ಆರು ಮೂಟೆ, ಒಂದು ರಾತ್ರಿ, ಎರಡು ಕಾರ್ಡು.